ಎಣ್ಣೆ ಹಚ್ಚಿದ ಕೈ

ಭಾನುಮತಿ ಬೆಳಿಗ್ಗೆ ಐದಕ್ಕೇ ಎದ್ದು ಎಳ್ಳೆಣ್ಣೆ ಕಾಯಲಿಟ್ಟಳು. ಎಣ್ಣೆಗೆ ನಾಲ್ಕು ಕಾಳುಮೆಣಸು, ಹರಿದು ಹಾಕಿದ ಒಂದು ವೀಳ್ಯದೆಲೆ. ಮೈಸೂರಿನಲ್ಲಿ ಅವಳಮ್ಮ ಕಾಯಿಸುತ್ತಿದ್ದುದು ಹೀಗೆಯೇ. ಕೆನಡಾದ ಪಿಕರಿಂಗಿನಲ್ಲಿ ಬೇಕೆಂದಾಗ ವೀಳ್ಯದೆಲೆ ಎಲ್ಲಿ ಸಿಗಬೇಕು? ಹಿಂದಿನ ದಿನ ಆಫೀಸಿನಿಂದ ಬರುತ್ತ ತಮಿಳರ ಅಂಗಡಿಗೆ ಹೋಗಿ, ಫ್ರಿಜ್ಜಿನಲ್ಲಿ ಕೂತು ಅರ್ಧ ಕಪ್ಪಾಗಿದ್ದ ಎಲೆಯನ್ನೇ ತಂದಿದ್ದಳು. ಶಾಸ್ತ್ರಕ್ಕೆ ಕಡಿಮೆಯಾಗಬಾರದು. ಅದರಲ್ಲೂ ಇವತ್ತು.

ಇವತ್ತು ಹತ್ತೂವರೆಗೆ ಅವಳ ಮಗಳು ಸಾಹಿತ್ಯಳ ಕ್ಲಾಸಿಫಿಕೇಶನ್.

ಸಾಹಿತ್ಯಳಿಗೆ ಹದಿನಾರು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಎಡಗೈ, ಎಡಗಾಲು ಬಿಗಿ. ಸೆರೆಬ್ರಲ್ ಪಾಲ್ಸಿ ಎಂಬುದು ದೊಡ್ಡ ಹೆಸರು. ಇವಳ ಪಾಲಿಗೆ ಬಂದದ್ದು ಅದರಲ್ಲಿ ಚಿಕ್ಕ ತುಂಡು. ಎಡ ಮೊಣಕೈ ತಾನಾಗಿ ಮಡಿಚಿಕೊಳ್ಳುತ್ತದೆ, ಬೆರಳುಗಳು ಮುಷ್ಟಿ ಕಟ್ಟಿಕೊಳ್ಳುತ್ತವೆ, ಹಿಮ್ಮಡಿ ನೆಲ ಮುಟ್ಟುವುದಕ್ಕೆ ತಕರಾರು ಮಾಡುತ್ತದೆ. ಎರಡು ವರ್ಷದಿಂದ ಹುಡುಗಿ ಸ್ಕೀ ಮಾಡುತ್ತಿದ್ದಾಳೆ. ಬೆಟ್ಟದ ಮೇಲಿಂದ ಜಾರುವ ಸ್ಕೀ ಅಲ್ಲ, ಕಾಡಿನ ದಾರಿಯಲ್ಲಿ ಕಿಲೋಮೀಟರುಗಟ್ಟಲೆ ಓಡುವ ಸ್ಕೀ. ಬಲಗೈಯಲ್ಲಿ ಒಂದೇ ಕೋಲು ಹಿಡಿದು ಓಡುತ್ತಾಳೆ.

ಅಂಗವಿಕಲರ ಸ್ಪರ್ಧೆಗೆ ಸುಮ್ಮನೆ ಹೋಗಿ ನಿಲ್ಲುವ ಹಾಗಿಲ್ಲ. ದೇಹದಲ್ಲಿ ಏನು ಎಷ್ಟು ಕೆಲಸ ಮಾಡುತ್ತದೆ, ಎಷ್ಟು ಮಾಡುವುದಿಲ್ಲ ಎಂದು ಇಬ್ಬರು ಪರೀಕ್ಷಕರು ಕೂತು ಅಳೆಯುತ್ತಾರೆ, ಒಂದು ವರ್ಗಕ್ಕೆ ಸೇರಿಸುತ್ತಾರೆ. ಆಮೇಲೆ ರೇಸಿನಲ್ಲಿ ಆಯಾ ವರ್ಗಕ್ಕೆ ತಕ್ಕಂತೆ, ಓಡಿದ ಸಮಯದಲ್ಲಿ ಇಂತಿಷ್ಟು ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಕೈಯಿಲ್ಲದವರೂ ಕಾಲಿಲ್ಲದವರೂ ಒಂದೇ ಪಟ್ಟಿಯಲ್ಲಿ ಪೈಪೋಟಿ ಮಾಡಬಹುದು. ಅಳತೆಯಲ್ಲಿ ಕೊರತೆ ಸಾಲದೆ ಹೋದರೆ ‘ಅರ್ಹಳಲ್ಲ’ ಎಂದು ಬರೆದು ಕಳಿಸುತ್ತಾರೆ. ಹಾಗಾದರೆ ಸಾಹಿತ್ಯಳಿಗೆ ನಾಳೆಯ ರೇಸಿಲ್ಲ, ಆ ರೇಸಿನಿಂದ ಆರಿಸುವ ಪ್ರಾಂತ್ಯದ ತಂಡವೂ ಇಲ್ಲ. ಕೈಕಾಲು ನೆಟ್ಟಗಿರುವವರ ಜೊತೆ ಓಡಿದರೆ ಅವಳು ಎಂದಿದ್ದರೂ ಕೊನೆಯವಳು. ಅಂದರೆ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಈ ಯೋಚನೆಯಲ್ಲೇ ಭಾನುಮತಿ ನಾಲ್ಕು ದಿನ ಕಳೆದಿದ್ದಳು. ಅವಳು ಬ್ಯಾಂಕೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿಕೊಡುವ ಕೆಲಸದವಳು. ಏನೆಲ್ಲ ಕೆಡಬಹುದು ಎಂದು ಮೊದಲೇ ಊಹಿಸುವುದಕ್ಕೇ ಅವಳಿಗೆ ಸಂಬಳ. ಮಗಳ ಫೈಲನ್ನು ಹನ್ನೊಂದು ಸಲ ಜೋಡಿಸಿದ್ದಳು. ಸ್ಕ್ಯಾನ್ ವರದಿ ಇದೆಯೇ, ಡಾಕ್ಟರ ಸಹಿ ಇದೆಯೇ, ತಾರೀಖು ಸರಿಯಿದೆಯೇ? ಎಲ್ಲ ಸರಿಯಿತ್ತು. ಉಳಿದದ್ದು ಎಣ್ಣೆ ಒಂದೇ.

"ಕೈ ಕೊಡು ಪುಟ್ಟಾ."

"ಅಮ್ಮಾ, ಇಟ್ಸ್ ಫೈವ್ ತರ್ಟಿ," ಎಂದು ಗೊಣಗಿದಳು ಸಾಹಿತ್ಯ, ಬಾತ್‌ರೂಮಿನ ಸ್ಟೂಲಿನ ಮೇಲೆ ತೂಕಡಿಸುತ್ತ.

"ದೊಡ್ಡ ದಿನ ಕಣೇ. ಎಣ್ಣೆ ಇಡ್ದೆ ಕಳಿಸ್ತೀನಾ?"

ಏಳು ಚಿರಂಜೀವಿಗಳ ಹೆಸರು ಹೇಳಿ ನೆತ್ತಿಗೆ ಎಣ್ಣೆಯಿಟ್ಟಳು. ನೆತ್ತಿಗೆ ಎರಡು ನಿಮಿಷ; ಎಡಗೈಗೆ ನಲವತ್ತು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ತಿಕ್ಕಿ, ಕೊನೆಗೆ ಒಂದೊಂದೇ ಬೆರಳು ಬಿಡಿಸಿದಳು. ಬೇರೆ ಎಲ್ಲದಕ್ಕೂ ಅಮ್ಮನ ಜೊತೆ ವಾದಕ್ಕಿಳಿಯುವ ಹುಡುಗಿ ಎಣ್ಣೆಗೆ ಮಾತ್ರ ಎಂದೂ ಕೊಸರಾಡಿದವಳಲ್ಲ. ಕಣ್ಣು ಮುಚ್ಚಿ, ಉಸಿರನ್ನು ಉದ್ದಕ್ಕೆ ಬಿಟ್ಟು, ಕೈಯನ್ನು ಅಮ್ಮನ ಮಡಿಲಿಗೆ ಹಾಕಿ ಕೂತುಬಿಡುತ್ತಿದ್ದಳು. ಆಮೇಲೆ ಟಬ್ಬಿನ ತುಂಬ ಬಿಸಿನೀರು, ಬೆರಳ ತುದಿ ಸುಕ್ಕುಗಟ್ಟುವವರೆಗೆ.

ಹುಡುಗಿಯ ಪ್ರತಿ ದೊಡ್ಡ ದಿನವೂ ಶುರುವಾಗಿದ್ದುದು ಹೀಗೆಯೇ. ಕಿಂಡರ್‌ಗಾರ್ಟನ್ನಿನ ಮೊದಲ ದಿನ, ವರ್ಷಕ್ಕೊಮ್ಮೆ ಬರುವ ಶಾಲೆಯ ಫೋಟೋ ದಿನ, ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನೃತ್ಯ ಮಾಡಿದ ದಿನ. ನೃತ್ಯ ಮುಗಿದ ಮೇಲೆ ವಿಜಯಾ ಆಂಟಿ ತಾವಾಗಿ ಎದ್ದು ಬಂದಿದ್ದರು. ಐವತ್ತು ವರ್ಷದ ಹಿಂದೆಯೇ ಡಾಕ್ಟರ್ ಗಂಡನ ಜೊತೆ ಬಂದು ನೆಲೆಸಿದ ಹಿರಿಯಾಕೆ. ಅವರ ಬಾಯಿಂದ ಹೊಗಳಿಕೆ ಬರುವುದೆಂದರೆ ಸಣ್ಣ ಮಾತಲ್ಲ. "ಭಾನು, ಗೊತ್ತೇ ಆಗಲ್ಲ ಕಣೇ!" ಎಂದು ಅವಳ ಕೆನ್ನೆ ತಟ್ಟಿದ್ದರು. ಆ ಮಾತನ್ನು ಭಾನುಮತಿ ಎಂಟು ವರ್ಷದಿಂದ ಜೋಪಾನ ಮಾಡಿದ್ದಳು.

ಎಂಟೂಮುಕ್ಕಾಲಿಗೆ ಹೊರಟರು. ಹೊರಗೆ ಮೈನಸ್ ಹನ್ನೊಂದು. ಸುರೇಶ ಕಾರನ್ನು ಮೊದಲೇ ಬೆಚ್ಚಗೆ ಮಾಡಿದ್ದ. ಸುರೇಶ ಅವಳ ಗಂಡ, ವಾನ್ ಎಂಬ ಊರಿನಲ್ಲಿ ಗೋದಾಮುಗಳಿಗೆ ಯಂತ್ರ ಕೂರಿಸುವ ಎಂಜಿನಿಯರು. ಪ್ರತಿ ಗುರುವಾರ, ಶನಿವಾರ ಮಗಳನ್ನು ತರಬೇತಿಗೆ ಕರೆದೊಯ್ಯುವವನು ಅವನೇ. ಭಾನುಮತಿ ಒಂದು ದಿನವೂ ಹೋಗಿರಲಿಲ್ಲ. ಬಿದ್ದರೆ ನೋಡಲಾರೆ ಎನ್ನುತ್ತಿದ್ದಳು. ಈಗ ಹಿಂದಿನ ಸೀಟಿನಲ್ಲಿ ಮಗಳ ಎಡಗೈಗೆ ಶಾಲು ಸುತ್ತಿ, ಸೀಟಿನ ಹೀಟರನ್ನು ಪೂರ್ತಿ ಏರಿಸಿದಳು.

"ಭಾನು, ಅವ್ಳೇನು ಇಡ್ಲಿನಾ, ಹಬೇಲಿ ಬೇಯ್ಸೋಕೆ?" ಎಂದ ಸುರೇಶ.

"ನೀವು ರೋಡ್ ನೋಡ್ರೀ."

ಸ್ಕೀ ಕ್ಲಬ್ಬು ಪಿಕರಿಂಗಿನಿಂದ ಉತ್ತರಕ್ಕೆ ಮುಕ್ಕಾಲು ಗಂಟೆಯ ದಾರಿ. ಮರದ ಕಟ್ಟಡ, ಮಹಡಿಯ ಮೇಲೊಂದು ಕೋಣೆ, ಕೋಣೆಯ ನಡುವೆ ಪರೀಕ್ಷೆಯ ಮೇಜು. ಒಬ್ಬರು ಡಾಕ್ಟರು, ತೆಳ್ಳಗಿನ ಹೆಂಗಸು. ಇನ್ನೊಬ್ಬ ಹಿಂದೆ ತಾನೇ ಸ್ಕೀ ಕಲಿಸುತ್ತಿದ್ದವನು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುವವನು. ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ಇಲ್ಲದ್ದನ್ನು ತೋರಿಸುವುದಿಲ್ಲ, ಇದ್ದದ್ದನ್ನು ಮುಚ್ಚಿಡುವುದಿಲ್ಲ, ಬೇಕೆಂದೇ ಮೋಸ ಮಾಡಿದರೆ ವರ್ಷಗಟ್ಟಲೆ ನಿಷೇಧ. ಈ ಪತ್ರ ಭಾನುಮತಿಗೆ ಮನೆಯಲ್ಲೇ ಬಾಯಿಪಾಠವಾಗಿತ್ತು. ಇಲ್ಲದ್ದನ್ನು ತೋರಿಸುವುದು ಎಂಬಲ್ಲಿ ಪ್ರತಿ ಸಲ ಅವಳು ತಡೆದು ಮತ್ತೆ ಓದುತ್ತಿದ್ದಳು. ಮುಚ್ಚಿಡುವುದು ಎಂಬುದರ ಮೇಲೆ ಮಾತ್ರ ಕಣ್ಣು ನಿಂತಿರಲೇ ಇಲ್ಲ. ಅಂಥದ್ದು ಯಾರು ಮಾಡುತ್ತಾರೆ ಎಂದುಕೊಂಡಿದ್ದಳು.

ಡಾಕ್ಟರು ಸಾಹಿತ್ಯಳ ಎಡ ಮೊಣಕೈ ಹಿಡಿದು ಫಕ್ಕನೆ ಚಾಚಿದರು. ಮತ್ತೆ ಮಡಿಚಿ, ಮತ್ತೆ ಚಾಚಿದರು. ಬಿಗಿಯಿರುವ ಸ್ನಾಯುವನ್ನು ಹಾಗೆ ವೇಗವಾಗಿ ಎಳೆದರೆ ನಡುವೆ ಒಂದು ಕಡೆ ಗಕ್ಕನೆ ತಡೆಯುತ್ತದೆ. ಅವರು ಹುಡುಕುತ್ತಿದ್ದುದು ಆ ತಡೆಯನ್ನು. ಕೈ ಬೆಣ್ಣೆಯ ಹಾಗೆ ಚಾಚಿಕೊಂಡಿತು. ಮಣಿಕಟ್ಟು, ಬೆರಳು, ಹಿಮ್ಮಡಿ ಎಲ್ಲವನ್ನೂ ನೋಡಿದರು.

"ನೋವಿರುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಡಾಕ್ಟರು.

"ಇಲ್ಲ ಇಲ್ಲ, ನೋವೇನೂ ಇಲ್ಲ," ಎಂದಳು ಭಾನುಮತಿ, ತಾನೂ ಇಂಗ್ಲಿಷಿನಲ್ಲೇ.

"ಅವಳೇ ಹೇಳಲಿ."

ಸಾಹಿತ್ಯ ಅಮ್ಮನ ಮುಖ ನೋಡಿ, "ಇವತ್ತು ಇಲ್ಲ," ಎಂದಳು.

ಇಷ್ಟು ವರ್ಷ ಎಲ್ಲ ಡಾಕ್ಟರ ಮುಂದೆಯೂ ಮಗಳ ಉತ್ತರ ಹೇಳಿದ್ದು ಭಾನುಮತಿಯೇ. ಬಾಯಿ ಮುಚ್ಚಿಕೊಂಡಿರುವುದು ಅಭ್ಯಾಸವಿರಲಿಲ್ಲ. ಕೈಚೀಲದ ಹಿಡಿಯನ್ನು ಹಿಂಡುತ್ತ ಕೂತಳು. ನಡೆದು ತೋರಿಸು ಎಂದಾಗ ಸಾಹಿತ್ಯ ವೇದಿಕೆಯ ನಡಿಗೆ ನಡೆದಳು: ಮೊದಲು ಹಿಮ್ಮಡಿ, ನಿಧಾನ, ಬೆನ್ನು ನೆಟ್ಟಗೆ, ಎಡಗೈ ಸೊಂಟದ ಮೇಲೆ. ಹುಡುಗಿಗೆ ಐದು ವರ್ಷವಿದ್ದಾಗಿಂದ ಬೇಸ್‌ಮೆಂಟಿನಲ್ಲಿ ಕನ್ನಡಿ ಇಟ್ಟು ಅಮ್ಮ ಕಲಿಸಿದ ನಡಿಗೆ ಅದು. ಯಾರಾದರೂ ನೋಡುತ್ತಿದ್ದರೆ ಕಾಲು ತಾನಾಗಿ ಹಾಗೇ ನಡೆಯುತ್ತಿತ್ತು.

ಪರೀಕ್ಷಕರಿಬ್ಬರೂ ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷದ ಮೇಲೆ ಬಂದರು. ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಕೂತಾಗಲೇ ಭಾನುಮತಿಗೆ ಗೊತ್ತಾಗಿಹೋಯಿತು. ಒಳ್ಳೆಯ ಸುದ್ದಿಯನ್ನು ಯಾರೂ ಅಷ್ಟು ಹತ್ತಿರ ಕೂತು ಹೇಳುವುದಿಲ್ಲ.

"ಕಾಯಿಲೆ ಇರುವುದು ನಿಜ. ಸ್ಕ್ಯಾನಿನಲ್ಲಿದೆ," ಎಂದರು ಡಾಕ್ಟರು. "ಆದರೆ ನಾವು ಕಾಯಿಲೆಯ ಹೆಸರು ನೋಡಿ ವರ್ಗ ಕೊಡುವ ಹಾಗಿಲ್ಲ. ಕೈಕಾಲಿನಲ್ಲಿ ನಮಗೆ ಸಿಗಬೇಕು. ಇಲ್ಲಿ ಗೊತ್ತೇ ಆಗುತ್ತಿಲ್ಲ. ಅರ್ಹಳಲ್ಲ ಎಂದು ಬರೆಯಬೇಕಾಗಿದೆ. ನಿಯಮದ ಪ್ರಕಾರ ಎರಡು ಗಂಟೆಗೆ ಇನ್ನಿಬ್ಬರು ಪರೀಕ್ಷಕರು ನೋಡುತ್ತಾರೆ. ಅವರು ಹೇಳಿದ್ದೇ ಕೊನೆ."

ಗೊತ್ತೇ ಆಗುತ್ತಿಲ್ಲ. ವಿಜಯಾ ಆಂಟಿಯ ಮಾತೇ, ಈಗ ಇಂಗ್ಲಿಷಿನಲ್ಲಿ.

ಕೆಳಗೆ ಊಟದ ಹಾಲಿನಲ್ಲಿ ಪುಳಿಯೋಗರೆ ಡಬ್ಬಿ ತೆರೆದದ್ದು ತೆರೆದ ಹಾಗೇ ಇತ್ತು. ಸಾಹಿತ್ಯ ಅಳಲಿಲ್ಲ. ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ ಕೂತಿದ್ದಳು. ಅವಳ ಕೋಚು ಮೆಗನ್, ಕೆಂಪು ಕೂದಲಿನ ಗಟ್ಟಿ ಹೆಂಗಸು, ಓಡಿ ಬಂದವಳೇ ಮಂಡಿಯೂರಿ ಕೂತು ಹುಡುಗಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಹಿಡಿದವಳು ಹುಬ್ಬು ಗಂಟಿಕ್ಕಿದಳು.

"ಇದೇನಿದು, ಇವತ್ತು ಇಷ್ಟು ಮೆತ್ತಗಿದೆ? ಮೊನ್ನೆ ಗುರುವಾರ ಇದಕ್ಕೆ ಗ್ಲೌಸು ಹಾಕಲು ಇಬ್ಬರು ಬೇಕಾಯಿತಲ್ಲ!"

ಗ್ಲೌಸು ಹಾಕಲು ಇಬ್ಬರು. ಭಾನುಮತಿಗೆ ಇದು ಗೊತ್ತೇ ಇರಲಿಲ್ಲ. ಅವಳು ತನ್ನ ಅಂಗೈ ನೋಡಿಕೊಂಡಳು. ಗೆರೆಗಳಲ್ಲಿ ಇನ್ನೂ ಎಣ್ಣೆಯ ಹೊಳಪಿತ್ತು, ಮೂಗಿಗೆ ಹಿಡಿದರೆ ವೀಳ್ಯದೆಲೆಯ ವಾಸನೆ. ನಲವತ್ತು ನಿಮಿಷ ತಿಕ್ಕಿ, ಬಿಸಿನೀರಿನಲ್ಲಿ ನೆನೆಸಿ, ಶಾಲು ಸುತ್ತಿ, ಹೀಟರ್ ಹಾಕಿ, ಪರೀಕ್ಷಕರು ಏನನ್ನು ಹುಡುಕಲು ಬಂದಿದ್ದರೋ ಅದನ್ನು ಅವಳೇ ತನ್ನ ಕೈಯಾರೆ ಅಳಿಸಿ ತಂದಿದ್ದಳು.

"ರೀ," ಎಂದಳು. ಅಂಗೈಯನ್ನು ಗಂಡನ ಮುಂದೆ ಚಾಚಿದಳು. "ರೀ, ಎಣ್ಣೆ."

ಸುರೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಎಂಜಿನಿಯರನ ಹಾಗೆ ಯೋಚಿಸಿದ. "ಇನ್ನೂ ಒಂದೂವರೆ ಗಂಟೆ ಇದೆ. ಜಾಕೆಟ್ ತೆಗೆಸಿ ಹೊರಗೆ ನಿಲ್ಸೋಣ. ಚಳಿಗೆ ತಾನೇ ಬಿಗಿಯತ್ತೆ. ಯಾರಿಗೂ ಹೇಳೋದೇ ಬೇಡ."

ಭಾನುಮತಿಯ ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಸುಳ್ಳನ್ನೇನೂ ಹುಟ್ಟಿಸುತ್ತಿಲ್ಲವಲ್ಲ, ಇರುವುದನ್ನೇ ವಾಪಸು ತರುವುದು.

"ಅಪ್ಪಾ, ದಟ್ಸ್ ಚೀಟಿಂಗ್," ಎಂದಳು ಸಾಹಿತ್ಯ. "ಕೈನ ಬೇಕು ಅಂತ ಬಿಗಿ ಮಾಡೋದು, ಅದೇ ಅಲ್ವಾ ಆ ಫಾರ್ಮಲ್ಲಿ ಇರೋದು? ನಾನು ಮಾಡಲ್ಲ."

ಹಾಗಾದರೆ ಬೇಕು ಅಂತ ಸಡಿಲ ಮಾಡಿದ್ದು? ಆ ಪ್ರಶ್ನೆ ಯಾರೂ ಕೇಳಲಿಲ್ಲ. ಭಾನುಮತಿ ಮಾತ್ರ ತನ್ನನ್ನೇ ಕೇಳಿಕೊಂಡಳು. ಹೇಳಿದರೆ, ಬೇಕೆಂದೇ ಮುಚ್ಚಿಟ್ಟಿರಿ ಎನ್ನಬಹುದು. ನಿಷೇಧ ಹಾಕಬಹುದು. ಹೇಳದಿದ್ದರೆ ಎರಡು ಗಂಟೆಗೆ ಮತ್ತೆ ಅದೇ ಮೆತ್ತಗಿನ ಕೈ, ಅದೇ ಮಾತು, ಅಲ್ಲಿಗೆ ಮುಗಿಯಿತು. ಗೋಡೆಯ ಗಡಿಯಾರದ ಮುಳ್ಳು ಇವಳನ್ನು ಅಣಕಿಸುವುದಕ್ಕೇ ಓಡುತ್ತಿದ್ದಂತಿತ್ತು. ಮೂರು ಸಲ ಮೆಟ್ಟಿಲವರೆಗೆ ಹೋಗಿ ವಾಪಸು ಬಂದಳು. ನಾಲ್ಕನೆಯ ಸಲ ಹೋದಾಗ ಎರಡು ಗಂಟೆಯಾಗಿತ್ತು, ಮೇಲಿಂದ ಹೆಸರು ಕರೆದರು.

ಎರಡನೆಯ ಡಾಕ್ಟರು ಬಿಳಿ ಮೀಸೆಯ ಮುದುಕರು, ಜೊತೆಗೊಬ್ಬ ಫಿಸಿಯೋಥೆರಪಿಯ ಹುಡುಗಿ. ಸಾಹಿತ್ಯ ಮೇಜಿನ ಮೇಲೆ ಮಲಗಿದ್ದಳು. ಅವರು ಕೈ ಮುಟ್ಟುವ ಮೊದಲೇ ಭಾನುಮತಿ ಎದ್ದು ನಿಂತಳು.

"ನಾನೊಂದು ಹೇಳಬೇಕು. ಇವತ್ತು ಬೆಳಿಗ್ಗೆ ನಾನು ಈ ಕೈಗೆ ಬಿಸಿ ಎಣ್ಣೆ ತಿಕ್ಕಿದ್ದೇನೆ. ಬಿಸಿನೀರಿನಲ್ಲಿ ನೆನೆಸಿದ್ದೇನೆ. ಅದಕ್ಕೇ ಹೀಗೆ ಮೆತ್ತಗಿದೆ. ನಮ್ಮಲ್ಲಿ ಒಳ್ಳೆಯ ದಿನ ಎಣ್ಣೆಸ್ನಾನ ಮಾಡಿಸುತ್ತಾರೆ. ತಪ್ಪು ನನ್ನದು, ಅವಳದಲ್ಲ."

ಮುದುಕರು ಕನ್ನಡಕದ ಮೇಲಿಂದ ನೋಡಿದರು. "ಒಳ್ಳೆಯ ದಿನ ಅಂದರೆ? ಎಷ್ಟು ದಿನಕ್ಕೊಮ್ಮೆ?"

"ಹಬ್ಬಕ್ಕೆ. ಶಾಲೆಯ ಫೋಟೋ ದಿನ. ಯಾರಾದರೂ ಮನೆಗೆ ಬರುವ ದಿನ. ಡಾನ್ಸ್ ಇದ್ದ ದಿನ."

"ಬೇರೆ ದಿನ ಇಲ್ಲವೇ?"

"ಇಲ್ಲ."

"ಆ ದಿನಗಳಲ್ಲಿ ಮಾತ್ರ ಯಾಕೆ?"

ಶಾಸ್ತ್ರ ಎಂದು ಹೇಳಿ ಮುಗಿಸಬಹುದಿತ್ತು. ಅವರು ನಂಬಿಯೂ ಬಿಡುತ್ತಿದ್ದರು. ಆದರೆ ಭಾನುಮತಿ ಅಷ್ಟು ಹೊತ್ತಿಗೆ ದಣಿದು ಹೋಗಿದ್ದಳು, ನಾಲ್ಕು ದಿನದ್ದಲ್ಲ, ಹದಿನಾರು ವರ್ಷದ ದಣಿವು. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಬಾಯಿಂದ ಬಂದದ್ದು ನಿಜವೇ.

"ನಾಲ್ಕು ಜನರಿಗೆ ಕಾಣಬಾರದು ಅಂತ."

ಸಾಹಿತ್ಯ ಕತ್ತು ಹೊರಳಿಸಿ ಅಮ್ಮನನ್ನು ನೋಡಿದಳು, ಆಮೇಲೆ ಮೇಲಿನ ಮಾಡನ್ನು ನೋಡತೊಡಗಿದಳು. ಮುದುಕರು ಕಾಗದದ ಮೇಲೆ ಏನೋ ಬರೆದರು. ಬರೆಯುವುದು ಮುಗಿಯುವವರೆಗೆ ಭಾನುಮತಿ ನಿಂತೇ ಇದ್ದಳು. ನಿಷೇಧ ಎಂಬುದಕ್ಕೆ ಎಷ್ಟು ಸಾಲು ಬರೆಯಬೇಕಾಗುತ್ತದೆ?

"ತಾಯಿ ತಾವಾಗಿ ತಿಳಿಸಿದರು ಎಂದು ಬರೆದಿದ್ದೇನೆ," ಎಂದರು ಅವರು ಕೊನೆಗೆ. "ಇದರಲ್ಲಿ ಮೋಸ ನನಗೆ ಕಾಣುವುದಿಲ್ಲ. ಈಗ ಇವಳು ಎಂದಿನಂತೆ ಬಟ್ಟೆ ಹಾಕಿಕೊಂಡು ಹಿಮದ ಮೇಲೆ ಒಂದು ಗಂಟೆ ಎಂದಿನ ತರಬೇತಿ ಮಾಡಲಿ. ನಾವು ನೋಡುತ್ತೇವೆ. ಆಮೇಲೆ ಮತ್ತೆ ಕೈ ಪರೀಕ್ಷೆ." ಸಾಹಿತ್ಯಳ ಕಡೆ ತಿರುಗಿ ಹೇಳಿದರು: "ಚೆನ್ನಾಗಿ ಕಾಣುವ ಹಾಗೆ ಮಾಡಬೇಡ. ಕೆಟ್ಟದಾಗಿ ಕಾಣುವ ಹಾಗೂ ಬೇಡ. ವೇಗವಾಗಿ ಹೋಗು, ಅಷ್ಟೇ."

ಭಾನುಮತಿ ಬೇಲಿಯ ಪಕ್ಕ ನಿಂತಳು. ಮೊದಲ ಸುತ್ತಿನಲ್ಲಿ ಹುಡುಗಿ ವೇದಿಕೆಯ ಮೇಲಿದ್ದಂತೆಯೇ ಇದ್ದಳು, ಕೈ ಮೈಗೆ ಅಂಟಿಸಿಕೊಂಡು, ಅಳೆದು ಅಳೆದು. ಪರೀಕ್ಷಕರು ಏನನ್ನೂ ಬರೆಯಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳು ಬೇಲಿಯ ಹತ್ತಿರ ಬಂದಾಗ ಅಮ್ಮನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಏರಿನ ಬುಡದಲ್ಲಿ ಒಮ್ಮೆ ಕೊಸರಿ, ಹಲ್ಲು ಕಚ್ಚಿ, ನುಗ್ಗಿದಳು. ಅಲ್ಲಿಂದ ಮುಂದೆ ಬೇರೆಯೇ ಹುಡುಗಿ. ಎಡಗೈ ಮಡಿಚಿ ಎದೆಗೇರಿತು. ಗ್ಲೌಸಿನೊಳಗೆ ಮುಷ್ಟಿ ಕಟ್ಟಿತು. ಎಡಗಾಲು ಪ್ರತಿ ಹೆಜ್ಜೆಗೂ ಹೊರಕ್ಕೆ ಬೀಸಿ ಹಿಮ ಕೆರೆಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮೂರನೆಯ ಸುತ್ತಿನಲ್ಲಿ ಬಿದ್ದಳು, ಒಂದೇ ಕೋಲು ಊರಿ ಎದ್ದಳು, ಮತ್ತೆ ಓಡಿದಳು. ಎಷ್ಟು ವೇಗ! ಸುರೇಶ ಇದನ್ನು ಎರಡು ವರ್ಷದಿಂದ ಹೇಳುತ್ತಲೇ ಇದ್ದ, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಇಬ್ಬರು ಅಪರಿಚಿತರು ತನ್ನ ಮಗಳ ಎಡಗೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹದಿನಾರು ವರ್ಷ ಅಂಥ ನೋಟಕ್ಕೆ ಅಡ್ಡ ನಿಂತವಳು ಭಾನುಮತಿ. ಆ ಕೈಯ ಮೇಲೆ ಸೆರಗು ಎಳೆದವಳು, ಫೋಟೋದಲ್ಲಿ ಎಡಗಡೆಗೆ ತಾನು ನಿಂತವಳು. ಈಗ ಬೇಲಿಯ ಕಂಬ ಹಿಡಿದು ಬೇಡಿಕೊಳ್ಳುತ್ತಿದ್ದಳು: ಕಾಣಲಿ ದೇವರೇ. ಇವರಿಗೆ ಕಾಣಲಿ. ಪೂರ್ತಿ ಕಾಣಲಿ.

ನಾಲ್ಕು ಗಂಟೆಗೆ ಮತ್ತೆ ಮೇಜಿನ ಮೇಲೆ ಮುದುಕರು ಮೊಣಕೈಯನ್ನು ಫಕ್ಕನೆ ಚಾಚಿದರು. ಕೈ ನಡುದಾರಿಯಲ್ಲಿ ಗಕ್ಕನೆ ನಿಂತಿತು. ಫಿಸಿಯೋ ಹುಡುಗಿಯೂ ಚಾಚಿ ನೋಡಿದಳು. ಅಲ್ಲೇ, ಅದೇ ಜಾಗದಲ್ಲಿ ನಿಂತಿತು. ನಾಲ್ಕೂವರೆಗೆ ಕಾಗದ ಕೈಗೆ ಬಂತು. ಒಂದು ಕೈ, ಒಂದು ಕಾಲು ಎರಡರಲ್ಲೂ ಕೊರತೆ ಇರುವವರ ವರ್ಗ. ಅರ್ಹಳು. ಮುಂದಿನ ವರ್ಷ ಮತ್ತೊಮ್ಮೆ ನೋಡಬೇಕು. ಸುರೇಶ ಮೆಗನ್ನಳನ್ನೂ, ಬಾಗಿಲಲ್ಲಿದ್ದ ಯಾರನ್ನೋ ಕೂಡ ಅಪ್ಪಿಕೊಂಡ. ಭಾನುಮತಿ ಮಾತ್ರ ಕಾಗದದ ಮೇಲಿನ ಹೆಸರು, ತಾರೀಖು, ಸಹಿಯನ್ನು ಮತ್ತೆ ಮತ್ತೆ ಓದಿದಳು. ಖುಷಿಪಡಲು ಧೈರ್ಯವಾಗಲಿಲ್ಲ. ಹುಡುಗಿ ಎರಡು ಗಂಟೆಯಿಂದ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

ಕಾರಿನಲ್ಲಿ ಭಾನುಮತಿ ಹಿಂದೆ ಮಗಳ ಪಕ್ಕದಲ್ಲೇ ಕೂತಳು. ಎರಡು ಮೂರು ಕಾಡು, ನಾಲ್ಕು ಹೊಲ ಕಳೆದು ಮನೆಗಳ ಸಾಲು ಶುರುವಾಯಿತು.

"ಫೋಟೋ ಡೇ ಕೂಡ?" ಎಂದಳು ಸಾಹಿತ್ಯ, ಕಿಟಕಿ ಕಡೆ ನೋಡುತ್ತ.

"ಹೂಂ."

"ಆಲ್ ಆಫ್ ದೆಮ್?"

"ಎಲ್ಲಾನೂ ಪುಟ್ಟಾ. ನನ್ನದು ತಪ್ಪಾಯ್ತು."

ಸಾಹಿತ್ಯ ತಲೆಯಾಡಿಸಿದಳು. ಸಿಟ್ಟಿಗೆ ಸಿದ್ಧಳಾಗಿ ಕೂತಿದ್ದ ಭಾನುಮತಿಗೆ ಅವಳ ದನಿಯಲ್ಲಿ ಸಿಟ್ಟು ಕೇಳಿಸಲಿಲ್ಲ. ಏನೋ ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಎಣಿಸುವ ದನಿ ಅದು.

"ದಿನಾ ನೋಯತ್ತೆ ಅಮ್ಮ. ಲೈಕ್, ಎವ್ರಿಡೇ. ಎಣ್ಣೆ ಹಚ್ಚಿದ್ ದಿನ ಒಂದೇ ನೋಯಲ್ಲ. ನಿಂಗೆ ಗೊತ್ತು ಅಂದ್ಕೊಂಡಿದ್ದೆ. ಬಿಗ್ ಡೇ ದಿನ ನಂಗೆ ನೋವಾಗ್ಬಾರ್ದು ಅಂತ ಹಚ್ತೀಯ ಅಂದ್ಕೊಂಡಿದ್ದೆ."

ಮುಂದಿನ ಸೀಟಿನಲ್ಲಿ ಸುರೇಶ ರೇಡಿಯೋ ಆರಿಸಿದ. ಭಾನುಮತಿ ಮಗಳ ಕಡೆ ತಿರುಗಿ ಕೂತಳು.

"ಈಗ?" ಎಂದಳು. "ಈಗ ನೋಯ್ತಿದ್ಯಾ ಪುಟ್ಟಾ?"

ಈ ಸಲ ಭಾನುಮತಿ ಮಗಳ ಪರವಾಗಿ ಉತ್ತರಿಸಲಿಲ್ಲ, ಕಾದಳು. ಹೆದ್ದಾರಿಯ ದೀಪಗಳು ಹತ್ತಿಕೊಳ್ಳುವ ಹೊತ್ತಿಗೆ ಹುಡುಗಿ ಹಲ್ಲಿನಿಂದ ಗ್ಲೌಸು ಕಚ್ಚಿ ಎಳೆದು, ಮುಷ್ಟಿ ಕಟ್ಟಿದ್ದ ಎಡಗೈಯನ್ನು ಅಮ್ಮನ ಮಡಿಲಿಗೆ ಹಾಕಿದಳು.

"ಹೂಂ," ಎಂದಳು. "ತುಂಬಾ."